ಅಮೆರಿಕದ ಕಾಡು ದ್ರಾಕ್ಷಿ ಬೀಜ ತಂದು ಬೆಂಗಳೂರಲ್ಲಿ ಹಾಕಿದ್ರೆ ಹಣ್ಣು ಬಿಡುತ್ತಾ?

ಮಕ್ಕಳ ಮನೇಲಿ ಆರು ತಿಂಗಳಿದ್ದು ವಾಪಸ್ ಬರೋ ಅಪ್ಪ ಅಮ್ಮಂದಿರು ತುಂಬಾ ಕೇಳೋ ಪ್ರಶ್ನೆ ಇದು. "ಮಗಳು ಮಿನ್ನೆಸೋಟದಲ್ಲಿದಾಳೆ, ಮನೆ ಹಿಂದಿನ ಬೇಲಿ ತುಂಬಾ ಕಾಡು ದ್ರಾಕ್ಷಿ ಹಬ್ಬಿದೆ, ಯಾರೂ ನೀರು ಹಾಕಲ್ಲ ಗೊಬ್ಬರ ಹಾಕಲ್ಲ, ಹಿಮ ಬಿದ್ರೂ ಸಾಯಲ್ಲ, ಅದರ ಬೀಜ ನಮ್ಮ ಟೆರೇಸಲ್ಲಿ ಹಾಕ್ಲಾ?"

ದಯವಿಟ್ಟು ಬೇಡ. ಪರ್ಮಿಟ್ ಮತ್ತೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ದೆ ಹೊರದೇಶದಿಂದ ಬೀಜ ತರೋ ಹಾಗಿಲ್ಲ, ರೋಗ ಬರಬಾರದು ಅಂತ ಇರೋ ನಿಯಮ ಅದು. ಅದನ್ನ ಬದಿಗಿಟ್ರೂ ಬೀಜದಿಂದ ನಿಮಗೆ ಬೇಕಾದ್ದು ಸಿಗೋದು ಕಷ್ಟ.

ಯಾಕಂದ್ರೆ ಕಾಡು ದ್ರಾಕ್ಷಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜ ಹಾಕಿ, ಮೂರು ನಾಲ್ಕು ವರ್ಷ ಸಾಕಿ, ಕೊನೆಗೆ ಹೂ ಬಿಟ್ಟಾಗ ನೋಡಿದ್ರೆ ಹೆಚ್ಚು ಕಡಿಮೆ ಅರ್ಧ ಬಳ್ಳಿ ಗಂಡಾಗಿರುತ್ತೆ, ಹೂ ಉದುರುತ್ತೆ ಅಷ್ಟೇ, ಕಾಯಿ ಕಚ್ಚೋದೇ ಇಲ್ಲ. ಹೂನ ಹತ್ತಿರದಿಂದ ನೋಡಿದ್ರೆ ಗೊತ್ತಾಗುತ್ತೆ, ನಡುವೆ ಪುಟ್ಟ ಹಸಿರು ಗುಂಡು ಇದ್ರೆ ಮುಂದೆ ಅದೇ ಹಣ್ಣು, ಬರೀ ಉದ್ದ ಕೇಸರ ನಿಂತಿದ್ರೆ ಗಂಡು. ನಾವು ತೋಟದಲ್ಲಿ ಬೆಳೆಯೋ ದ್ರಾಕ್ಷಿಯಲ್ಲಿ ಎರಡೂ ಒಂದೇ ಹೂವಲ್ಲಿ ಇರುತ್ತೆ, ಸಾವಿರಾರು ವರ್ಷದ ಹಿಂದೆ ಕಾಡು ಬಳ್ಳಿ ಊರು ಸೇರಿದ್ದೇ ಅಂಥ ಅಪರೂಪದ ಬಳ್ಳಿಗಳನ್ನ ಜನ ಆರಿಸಿ ಕಡ್ಡಿ ನೆಟ್ಟಿದ್ರಿಂದ, ನನಗಂತೂ ದ್ರಾಕ್ಷಿ ಕಥೇಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಹೆಣ್ಣೇ ಬಂತು ಅಂದ್ಕೊಳ್ಳಿ, ಆಗಲೂ ರುಚಿ ತಾಯಿ ಬಳ್ಳಿ ಥರಾನೇ ಇರುತ್ತೆ ಅಂತಿಲ್ಲ, ಬಾದಾಮಿ ಮಾವಿನ ವಾಟೆ ನೆಟ್ರೆ ಬಾದಾಮಿನೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ವಲ್ಲ ಹಾಗೆ. ನಿಮ್ಮ ಮಗಳ ಬೇಲಿ ಮೇಲಿರೋದು ಬಹುಶಃ ರೈಪೇರಿಯಾ ಅನ್ನೋ ಜಾತಿ, ಹಣ್ಣು ಬಟಾಣಿ ಗಾತ್ರ, ಹುಳಿ, ಬೀಜವೇ ಜಾಸ್ತಿ. ಅದರ ಚಳಿ ತಡೆಯೋ ಗುಣ ಬೇಕು ಅಂತ ಮಿನ್ನೆಸೋಟ ವಿಶ್ವವಿದ್ಯಾಲಯದವರು ಬೇರೆ ತಳಿ ಜೊತೆ ಕ್ರಾಸ್ ಮಾಡಿ 1996ರಲ್ಲಿ ಫ್ರಾಂಟನ್ಯಾಕ್ ಅನ್ನೋ ಹೊಸ ತಳಿ ಬಿಟ್ರು. ಅಲ್ಲಿಗೆ ಅದು ಸರಿ, ಆದ್ರೆ ಉದ್ದನೆ ಚಳಿಗಾಲದ ನಿದ್ದೆಗೆ ಒಗ್ಗಿದ ಬಳ್ಳಿಗೆ ನಮ್ಮ ಜನವರಿ ಸಾಲಲ್ಲ.

ಇನ್ನೊಂದು ವಿಷ್ಯ ಏನಂದ್ರೆ, ಅಮೆರಿಕದ ಕಾಡು ದ್ರಾಕ್ಷಿ ರಕ್ತ ಆಗ್ಲೇ ನಮ್ಮೂರಲ್ಲಿದೆ. ನಂದಿ ಬೆಟ್ಟದ ಸುತ್ತ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಬೆಳೆಯೋ ಬೆಂಗಳೂರು ಬ್ಲೂ ಇದ್ಯಲ್ಲ, ತಿನ್ನುವಾಗ ಸಿಪ್ಪೆ ಜಾರಿ ತಿರುಳು ಬಾಯಿಗೆ ಬರುತ್ತಲ್ಲ, ಆ ಗಾಢ ಘಮ ಇರುತ್ತಲ್ಲ, ಅದೆಲ್ಲ ಲ್ಯಾಬ್ರಸ್ಕ ಅನ್ನೋ ಅಮೆರಿಕದ ಕಾಡು ಜಾತಿಯಿಂದ ಬಂದಿದ್ದು, ಯುರೋಪಿನ ದ್ರಾಕ್ಷಿ ಜೊತೆ ಬೆರೆತ ತಳಿ ಇದು. 2013ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಸೀಮೆಯದ್ದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಬೇರೆ ತಳಿ ಬೆಳೆಯೋ ರೈತರೂ ಎಷ್ಟೋ ಜನ ಕೆಳಗೆ ಡಾಗ್‌ರಿಡ್ಜ್ ಬೇರು ಇಟ್ಟು ಮೇಲೆ ಕಸಿ ಕಟ್ಟಿಸ್ತಾರೆ, ಅದೂ ಟೆಕ್ಸಾಸ್ ಕಡೆಯ ಕಾಡು ಬಳ್ಳಿನೇ, ನೀರು ಕಡಿಮೆ ಆದ್ರೂ ಉಪ್ಪು ಜಾಸ್ತಿ ಆದ್ರೂ ತಡ್ಕೊಳ್ಳುತ್ತೆ. ನರ್ಸರಿಯಿಂದ ಕಸಿ ಗಿಡ ತಂದಿದ್ರೆ ಕಸಿ ಕೆಳಗಿಂದ ಬರೋ ಚಿಗುರನ್ನ ಆಗಾಗ ಚಿವುಟಿ, ಇಲ್ಲಾಂದ್ರೆ ಕಾಡು ಬಳ್ಳಿನೇ ಮೇಲೆದ್ದು ಕಸಿ ಸೊರಗುತ್ತೆ.

ಹಾಗಾಗಿ ಟೆರೇಸಿಗೆ ಬೆಂಗಳೂರು ಬ್ಲೂ ಕಡ್ಡಿ ಹುಡುಕಿ. ಅಕ್ಟೋಬರ್ ಪ್ರೂನಿಂಗ್ ಟೈಮಲ್ಲಿ ಬೆಳೆಗಾರರ ಹತ್ರ ಕೇಳಿದ್ರೆ ಪೆನ್ಸಿಲ್ ದಪ್ಪದ, ಮೂರು ನಾಲ್ಕು ಕಣ್ಣಿರೋ (ಚಿಗುರು ಒಡೆಯೋ ಗಂಟು) ಕಡ್ಡಿ ಸಿಗುತ್ತೆ, ಎರಡು ಕಣ್ಣು ಮಣ್ಣೊಳಗೆ ಹೋಗೋ ಹಾಗೆ ಮರಳು ಬೆರೆಸಿದ ಮಣ್ಣಲ್ಲಿ ನೆಟ್ಟು ನೆರಳಲ್ಲಿಡಿ, ತಲೆಕೆಳಗಾಗಿ ಮಾತ್ರ ನೆಡಬೇಡಿ. ಬೇರು ಹಿಡಿದ ಮೇಲೆ ದೊಡ್ಡ ಡ್ರಮ್, ಒಳ್ಳೆ ಬಿಸಿಲು, ಒಂದು ಚಪ್ಪರ. ಮಳೆಗಾಲದಲ್ಲಿ ಎಲೆ ಹಿಂಭಾಗ ತಿರುಗಿಸಿ ನೋಡ್ತಾ ಇರಿ, ಬಿಳಿ ಬೂಜು ಕಂಡ್ರೆ ಅದು ಡೌನಿ ಅನ್ನೋ ಬೂಜು ರೋಗ, ಈ ತಳಿಗೆ ಅದರದ್ದೇ ಕಾಟ, ಆ ಎಲೆಗಳನ್ನ ಅವತ್ತೇ ಕಿತ್ತು ಚಪ್ಪರದಿಂದ ದೂರ ಹಾಕಿಬಿಡಿ.