ಕೆಂಪು ಬಳಿದ ಬೀದಿಗಳು: ಅಮೆರಿಕದ ಜನಾಂಗೀಯ ಅಸಮಾನತೆಯ ಹಿಂದಿರುವ ಗೃಹಸಾಲದ ಇತಿಹಾಸ

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅಲ್ಲಿನ ಬಿಳಿಯ ಕುಟುಂಬಗಳ ಮಧ್ಯಮಾಂಕ ಸಂಪತ್ತು, ಅಂದರೆ ಸಂಪತ್ತಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಸಂಪತ್ತು, ಸುಮಾರು 2,85,000 ಡಾಲರ್. ಕಪ್ಪುವರ್ಣೀಯ ಕುಟುಂಬಗಳದ್ದು ಸುಮಾರು 45,000 ಡಾಲರ್. ಗುಲಾಮಗಿರಿ 1865ರಲ್ಲೇ ರದ್ದಾದ ದೇಶದಲ್ಲಿ ಈ ಅಂತರ ಏಕೆ ಉಳಿದಿದೆ ಎಂದು ಕೇಳಿದರೆ, ದುಡಿಮೆ ಮತ್ತು ಓದಿನ ಕೊರತೆಯನ್ನು ಮುಂದಿಡುವವರು ಬಹಳ ಮಂದಿ ಸಿಗುತ್ತಾರೆ. ಆದರೆ ಮನೆ ಕೊಳ್ಳಲು ಸಾಲ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ನೋಡದೆ ಕೊಡುವ ಯಾವ ಉತ್ತರವೂ ನ್ಯಾಯವಾದುದಲ್ಲ.

1930ರ ದಶಕದವರೆಗೆ ಅಮೆರಿಕದಲ್ಲಿ ಮನೆ ಕೊಳ್ಳುವವರು ಹೆಚ್ಚಾಗಿ ಅರ್ಧದಷ್ಟು ಬೆಲೆಯನ್ನು ಮುಂಗಡವಾಗಿ ಕೊಟ್ಟು, ಉಳಿದ ಸಾಲವನ್ನು ಕೆಲವೇ ವರ್ಷಗಳಲ್ಲಿ ತೀರಿಸಬೇಕಿತ್ತು. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ, ಸಾಲ ತೀರದಿದ್ದರೆ ಬ್ಯಾಂಕಿನ ನಷ್ಟ ತುಂಬುವ ವಿಮೆ ಒದಗಿಸಿದ್ದರಿಂದ ಮುಂಗಡ ಇಳಿಯಿತು, ಅವಧಿ ಇಪ್ಪತ್ತು ವರ್ಷಗಳಿಗೆ ಹಿಗ್ಗಿತು, ಸಾಮಾನ್ಯ ಕಾರ್ಮಿಕನೂ ಮನೆಯ ಒಡೆಯನಾದ. ಈ ವಿಮೆಯ ಕೈಪಿಡಿಯೇ ಕಪ್ಪುವರ್ಣೀಯರ ನೆರೆಹೊರೆಯನ್ನು ಅಪಾಯವೆಂದು ಪರಿಗಣಿಸಿ, ಅವರಿಗೆ ಮನೆ ಮಾರಬಾರದೆಂಬ ಷರತ್ತನ್ನು ಕ್ರಯಪತ್ರಗಳಲ್ಲಿ ಸೇರಿಸಲು ಶಿಫಾರಸು ಮಾಡಿತ್ತು. ಇನ್ನೊಂದು ಸರ್ಕಾರಿ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿ, ಸಾಲಕ್ಕೆ ಅಪಾಯಕರವೆನಿಸಿದ ಬಡಾವಣೆಗಳಿಗೆ ಕೆಂಪು ಬಳಿಯಿತು; ಕಪ್ಪುವರ್ಣೀಯರ ವಸತಿಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. ಈ ನಕ್ಷೆಗಳ ನೇರ ಪರಿಣಾಮ ಎಷ್ಟೆಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ, ವಿಮೆಯ ನಿಯಮಗಳ ಬಗ್ಗೆ ಅಂಥ ಅನುಮಾನವಿಲ್ಲ.

ಡೆಟ್ರಾಯಿಟ್‌ನಲ್ಲಿ ಆ ನಿಯಮ ಕಣ್ಣಿಗೇ ಕಾಣುತ್ತದೆ. ಕಪ್ಪುವರ್ಣೀಯರ ವಸತಿಗೆ ಹೊಂದಿಕೊಂಡಂತೆ ಬಿಳಿಯರಿಗಾಗಿ ಬಡಾವಣೆ ಕಟ್ಟಲು ಹೊರಟ ನಿರ್ಮಾಪಕನಿಗೆ ವಿಮೆ ಸಿಗಲಿಲ್ಲ. 1941ರಲ್ಲಿ ಆತ ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ ಮೇಲೆ ಸಿಕ್ಕಿತು. ಗೋಡೆ ಇವತ್ತಿಗೂ ಇದೆ. ಯುದ್ಧಾನಂತರ ನ್ಯೂಯಾರ್ಕ್ ಬಳಿ ಎದ್ದ ಲೆವಿಟೌನ್‌ನಂಥ ವಿಶಾಲ ಬಡಾವಣೆಗಳೂ ಬಿಳಿಯರಿಗಷ್ಟೇ ಮೀಸಲಾಗಿದ್ದವು.

ಬ್ಯಾಂಕಿನ ಬಾಗಿಲು ಮುಚ್ಚಿದ್ದರಿಂದ ಷಿಕಾಗೋದ ಕಪ್ಪುವರ್ಣೀಯ ಕುಟುಂಬಗಳು ದಲ್ಲಾಳಿಗಳಿಂದ ದುಪ್ಪಟ್ಟು ಬೆಲೆಗೆ ಕಂತಿನ ಕರಾರಿನ ಮೇಲೆ ಮನೆ ಹಿಡಿದವು. ಒಂದು ಕಂತು ತಪ್ಪಿದರೂ ಮನೆಯೂ, ಅದುವರೆಗೆ ಕಟ್ಟಿದ ಹಣವೂ ಕೈಬಿಡುತ್ತಿತ್ತು. ಬಿಳಿಯರ ಮನೆಗಳ ಬೆಲೆ ಏರಿ ಮಕ್ಕಳ ಕಾಲೇಜು ಶುಲ್ಕವಾಗಿ, ಮೊಮ್ಮಕ್ಕಳ ಆಸ್ತಿಯಾಗಿ ಒದಗುತ್ತಿದ್ದ ಕಾಲದಲ್ಲೇ ಇದು ನಡೆಯಿತು. ಶಾಲೆಗಳ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ, ಅಗ್ಗದ ಬೀದಿಯ ಶಾಲೆಯೂ ಬಡವಾಯಿತು. 1965ರ ವಲಸೆ ಕಾಯ್ದೆಯ ನಂತರ ಅಲ್ಲಿಗೆ ಹೋಗಿ, ಒಳ್ಳೆಯ ಶಾಲೆ ನೋಡಿ ಉಪನಗರಗಳಲ್ಲಿ ಮನೆ ಕೊಂಡ ಕನ್ನಡಿಗರೂ ಈ ವ್ಯವಸ್ಥೆಯ ಫಲವನ್ನು ಉಂಡವರೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಜನಾಂಗೀಯ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1948ರಲ್ಲೇ ತೀರ್ಪಿತ್ತರೂ ಬದಲಾದದ್ದು ಅಲ್ಪ. 1966ರಲ್ಲಿ ವಸತಿಯ ಹಕ್ಕಿಗಾಗಿ ಷಿಕಾಗೋದಲ್ಲಿ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಕಲ್ಲೇಟು ಬಿತ್ತು. ಮರುವರ್ಷ ಡೆಟ್ರಾಯಿಟ್ ಗಲಭೆಯಲ್ಲಿ 43 ಮಂದಿ ಸತ್ತರು. 1968ರ ಏಪ್ರಿಲ್ 4ರಂದು ಕಿಂಗ್ ಹತ್ಯೆಯಾಗಿ, ಅದರ ಒಂದು ವಾರದ ನಂತರವಷ್ಟೇ ವಸತಿ ತಾರತಮ್ಯ ನಿಷೇಧಿಸುವ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಆ ಕಾಯ್ದೆ ಮುಂದಿನ ತಾರತಮ್ಯವನ್ನು ತಡೆಯಿತೇ ಹೊರತು, ಮೂರು ದಶಕಗಳ ನಷ್ಟವನ್ನು ತುಂಬಿಕೊಡಲಿಲ್ಲ.

ಆ ನಷ್ಟಕ್ಕೆ ಪರಿಹಾರ ಕೊಡಲು 2021ರಲ್ಲಿ ಮುಂದಾದದ್ದು ಷಿಕಾಗೋ ಪಕ್ಕದ ಇವಾನ್‌ಸ್ಟನ್ ಎಂಬ ಪುಟ್ಟ ನಗರ. 1919ರಿಂದ 1969ರ ನಡುವೆ ಅಲ್ಲಿ ನೆಲೆಸಿದ್ದ ಕಪ್ಪುವರ್ಣೀಯರಿಗೆ ಹಾಗೂ ಅವರ ವಂಶಸ್ಥರಿಗೆ ತಲಾ 25,000 ಡಾಲರ್ ನೀಡುವ ಈ ಯೋಜನೆಯನ್ನು ಪ್ರಶ್ನಿಸಿ 2024ರಲ್ಲಿ ಮೊಕದ್ದಮೆ ಹೂಡಲಾಯಿತು. ಜನಾಂಗವನ್ನು ಆಧರಿಸಿ ಹಣ ಕೊಡುವುದು ಸಂವಿಧಾನದ ಸಮಾನತೆಗೆ ವಿರುದ್ಧ ಎಂಬುದು ಫಿರ್ಯಾದಿಗಳ ವಾದ.