ಕೀಲು ಜಾಸ್ತಿಯಾದರೂ ಸಡಿಲವಾಗದ ಸರಪಳಿ

1948. ಆಕ್ಸ್‌ಫರ್ಡ್‌ನಲ್ಲಿ ನೆಗಡಿ ಹಿಡಿದು ಮಲಗಿದ್ದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್‌ಗೆ ಓದಿ ಓದಿ ಬೇಜಾರಾಯಿತು. ಒಂದು ಹಾಳೆಯ ಮೇಲೆ, ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳ ಸರಪಳಿ ಬರೆದು, ಸುಮ್ನೆ ಮಡಿಚುತ್ತಾ ಹೋದರು. ಕೈಯಲ್ಲೊಂದು ಸುರುಳಿ ಉಳಿಯಿತು. 1951ರಲ್ಲಿ ಪ್ರಕಟವಾದ ಆಲ್ಫಾ ಹೆಲಿಕ್ಸ್ ಅದೇ. ಒಂದು ಸುತ್ತಿಗೆ 3.6 ಅಮೈನೊ ಆಮ್ಲ.

ಹಾಳೆಯಲ್ಲಿ ಆಗಿದ್ದು ಅಣುವಿನಲ್ಲೂ ಆಗುವುದೇಕೆ? ಒಂದು ಅಮೈನೊ ಆಮ್ಲವನ್ನು ಮುಂದಿನದಕ್ಕೆ ಬೆಸೆಯುವ ಪೆಪ್ಟೈಡ್ ಬಂಧ ಹಲಗೆಯಂತೆ ಚಪ್ಪಟೆ, ಸುಲಭವಾಗಿ ತಿರುಗದು. ಪ್ರತಿ ಅಮೈನೊ ಆಮ್ಲದ ಬೆನ್ನೆಲುಬಿನಲ್ಲಿ ತಿರುಗುವ ಕೀಲು ಎರಡೇ. ಅವೂ ಮನಸ್ಸಿಗೆ ಬಂದಂತೆ ತಿರುಗಿದರೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ. ಯಾವ ಕೋನ ಸಾಧ್ಯ, ಯಾವುದು ಇಲ್ಲ ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಕೊಟ್ಟರು. ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದವರೂ ರಾಮಚಂದ್ರನ್ ಅವರೇ.

ಪ್ರೋಟೀನಿನ ಮಾಮೂಲಿ ಅಮೈನೊ ಆಮ್ಲಗಳಿಗೆ ಆಲ್ಫಾ ಎಂದು ಹೆಸರು. ಬೆನ್ನೆಲುಬಿಗೆ ಇನ್ನೊಂದು ಇಂಗಾಲ ಸೇರಿಸಿದರೆ ಅದು ಬೀಟಾ ಅಮೈನೊ ಆಮ್ಲ. ಎರಡು ಸೇರಿಸಿದರೆ ಗಾಮಾ. ಕೀಲು ಮೂರು, ನಾಲ್ಕು ಆಗುತ್ತವೆ. ಸರಪಳಿ ಲಾಡಿಯ ಹಾಗೆ ಜೋಲಾಡಬೇಕು, ಅಲ್ವಾ? 1996ರಲ್ಲಿ ಸ್ವಿಟ್ಜರ್ಲೆಂಡ್‌ನ ಡೀಟರ್ ಜೀಬಾಕ್, ಅಮೆರಿಕದ ಸ್ಯಾಮ್ಯುಯೆಲ್ ಗೆಲ್ಮನ್ ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು ಉಲ್ಟಾ. ಜೀಬಾಕ್ ತಂಡದ ಬೀಟಾ ಸರಪಳಿಯಲ್ಲಿ ಇದ್ದದ್ದು ಆರೇ ಕೊಂಡಿ, ಅಂದರೆ ಆರೇ ಅಮೈನೊ ಆಮ್ಲ. ಮೆಥನಾಲ್‌ನಲ್ಲಿ ಅದು ಸುರುಳಿಯಾಗಿ ನಿಂತಿತು. ಮಾಮೂಲಿ ಅಮೈನೊ ಆಮ್ಲಗಳ ಅಷ್ಟು ಗಿಡ್ಡ ಸರಪಳಿ ಸಾಮಾನ್ಯವಾಗಿ ಹಾಗೆ ನಿಲ್ಲುವುದಿಲ್ಲ.

ಗೆಲ್ಮನ್ ಉಪಾಯ ನನಗೆ ಜಾಸ್ತಿ ಇಷ್ಟ. ಹೊಸ ಕೀಲನ್ನು ಅವರು ಇಂಗಾಲದ ಉಂಗುರದೊಳಗೆ ಬಿಗಿದರು. ಆರು ಇಂಗಾಲದ ಉಂಗುರವಾದರೆ, ಸುರುಳಿಯನ್ನು ಹಿಡಿದಿಡುವ ಹೈಡ್ರೋಜನ್ ಬಂಧ (ಹೈಡ್ರೋಜನ್ ಮೂಲಕದ ದುರ್ಬಲ ಸೆಳೆತ) 14 ಪರಮಾಣುಗಳ ಕುಣಿಕೆ ಹಾಕುತ್ತದೆ. ಐದಾದರೆ 12. ಉಂಗುರದಿಂದ ಒಂದೇ ಒಂದು ಇಂಗಾಲ ತೆಗೆದರೆ ಸುರುಳಿಯೇ ಬೇರೆ! ಹೀಗೆ ಮಡಿಚಿಕೊಳ್ಳುವ ಸರಪಳಿಗಳಿಗೆ ‘ಫೋಲ್ಡಮರ್’ ಎಂದು ಹೆಸರಿಟ್ಟವರೂ ಅವರೇ.

ಬೆಂಗಳೂರಿನಲ್ಲಿ ಪಿ. ಬಲರಾಮ್ ತಂಡ ಆಲ್ಫಾ, ಬೀಟಾ, ಗಾಮಾ ಕೊಂಡಿಗಳನ್ನು ಒಂದೇ ಸರಪಳಿಯಲ್ಲಿ ಬೆರೆಸಿತು. ಗಾಮಾ ಕೊಂಡಿಯಾಗಿ ಆರಿಸಿಕೊಂಡದ್ದು ಗಾಬಾಪೆಂಟಿನ್. ಹೌದು, ನರದ ನೋವಿಗೆ ಡಾಕ್ಟರ್ ಬರೆದುಕೊಡುವ ಅದೇ ಮಾತ್ರೆ. ಅದರ ಬೆನ್ನೆಲುಬಿನ ನಡುವಿನ ಇಂಗಾಲ ಆರು ಇಂಗಾಲದ ಉಂಗುರವೊಂದರ ಭಾಗವೂ ಹೌದು. ಹಾಗಾಗಿ ಅಕ್ಕಪಕ್ಕದ ಕೀಲುಗಳಿಗೆ ಅಲ್ಲಾಡಲು ಜಾಗ ಕಡಿಮೆ. ಆಲ್ಫಾ, ಗಾಮಾ ಒಂದು ಬಿಟ್ಟು ಒಂದು ಪೋಣಿಸಿದಾಗ 12 ಪರಮಾಣುಗಳ ಕುಣಿಕೆಯ ಸುರುಳಿ ಸಿಕ್ಕಿತು.

ಇದರಿಂದ ಉಪಯೋಗವೂ ಉಂಟು. ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ಬೀಟಾ ಕೊಂಡಿ ಒಗ್ಗುವುದಿಲ್ಲ, ಹಾಗಾಗಿ ಸರಪಳಿ ಬೇಗ ತುಂಡಾಗುವುದಿಲ್ಲ. ಸರಪಳಿಯಲ್ಲಿ ಮೂರು ನಾಲ್ಕು ಕೊಂಡಿಗೊಂದು ಬೀಟಾ ಇಟ್ಟರೆ ಅವೆಲ್ಲ ಸುರುಳಿಯ ಒಂದೇ ಮಗ್ಗುಲಿಗೆ ಗೆರೆ ಎಳೆದಂತೆ ಸಾಲಾಗುತ್ತವೆ. ಎದುರು ಮಗ್ಗುಲು ಇನ್ನೊಂದು ಪ್ರೋಟೀನಿಗೆ ಅಂಟಿಕೊಳ್ಳಲು ಖಾಲಿ ಉಳಿಯುತ್ತದೆ.