ಇಪ್ಪತ್ತು ಷೇರು ಕೊಂಡಿದ್ದೇನೆ, ಇನ್ನೂ ಹತ್ತು ಸೇರಿಸಲೇ?

ಪ್ರಶ್ನೆ: ಷೇರು ಮಾರುಕಟ್ಟೆಗೆ ನಾನು ಹೊಸಬ. ಅಪಾಯ ಹಂಚಿಹೋಗಲಿ ಎಂದು ಇಪ್ಪತ್ತು ಕಂಪನಿಗಳ ಷೇರು ಕೊಂಡಿದ್ದೇನೆ. ಇಷ್ಟು ಸಾಕೇ?

ಉತ್ತರ: ಯಾವ ಇಪ್ಪತ್ತು?

ಈ ಪ್ರಶ್ನೆ ಕೇಳುವವರೆಲ್ಲ ಎಣಿಕೆಯನ್ನು ತಪ್ಪದೆ ಬರೆಯುತ್ತಾರೆ, ಕಂಪನಿಗಳ ಹೆಸರನ್ನು ಮಾತ್ರ ಬರೆಯುವುದಿಲ್ಲ. ಒತ್ತಾಯಿಸಿ ತರಿಸಿಕೊಂಡ ಪಟ್ಟಿಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಒಂದೇ ವಲಯದ ಕಂಪನಿಗಳಿರುತ್ತವೆ, ಏಕೆಂದರೆ ಕೊಂಡ ಹೊತ್ತಿಗೆ ಏರುತ್ತಿದ್ದದ್ದು ಆ ವಲಯ. ಎಣಿಕೆ ಹೆಚ್ಚಿದಷ್ಟೂ ಅಪಾಯ ಕಡಿಮೆ ಎಂಬ ನಂಬಿಕೆ ಎಷ್ಟು ಸಲ ಹೇಳಿದರೂ ಅಳಿಯುತ್ತಿಲ್ಲ. ಹಾಗಾಗಿ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಪ್ರತಿ ಷೇರಿನ ವಾರ್ಷಿಕ ಏರಿಳಿತ ಶೇ 30 ಎಂದಿಟ್ಟುಕೊಳ್ಳಿ. ಎಲ್ಲದರಲ್ಲೂ ಸಮನಾಗಿ ಹಣ ಹಾಕಿದ್ದೀರಿ. ಇನ್ನು ಬೇಕಾದದ್ದು ಸಹಸಂಬಂಧ, ಅಂದರೆ ಈ ಷೇರುಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏಳುತ್ತವೆ, ಬೀಳುತ್ತವೆ ಎಂಬ ಅಳತೆ. ಸದಾ ಕೂಡಿಯೇ ನಡೆದರೆ ಅದು 1, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 0. ನಿಮ್ಮ 20 ಷೇರುಗಳ ನಡುವೆ ಅದು 0.8 ಇದ್ದರೆ ಒಟ್ಟು ಹೂಡಿಕೆಯ ಏರಿಳಿತ ಶೇ 27. ಇಪ್ಪತ್ತು ಕಂಪನಿಗಳ ವರದಿ ಓದಿ ಗಳಿಸಿದ ರಕ್ಷಣೆ ಶೇ 30ರಿಂದ 27ಕ್ಕೆ ಇಳಿದದ್ದು, ಅಷ್ಟೇ! ಅದೇ ಬಗೆಯ ಸಾವಿರ ಷೇರು ಕೊಂಡರೂ ಅದು ಶೇ 26.8ಕ್ಕಿಂತ ಕೆಳಗೆ ಹೋಗುವುದಿಲ್ಲ. ಸಹಸಂಬಂಧ 0.2 ಇರುವ ಆರೇ ಆರು ಷೇರು ತೆಗೆದುಕೊಳ್ಳಿ, ಏರಿಳಿತ ಶೇ 17ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆರು ಇಪ್ಪತ್ತನ್ನು ಸೋಲಿಸಿತು. ಬೇಕಿದ್ದರೆ ಕಾಗದ ಪೆನ್ನು ಹಿಡಿದು ಪರೀಕ್ಷಿಸಿ.

ಇದು ನನ್ನ ಸಂಶೋಧನೆ ಎಂದು ಬೀಗುವಂತಿಲ್ಲ. ಹ್ಯಾರಿ ಮಾರ್ಕೊವಿಟ್ಸ್ 1952ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿದರು. ಅರವತ್ತು ರೈಲ್ವೆ ಕಂಪನಿಗಳ ಷೇರು ಇಟ್ಟುಕೊಂಡವನಿಗಿಂತ ರೈಲ್ವೆ, ಗಣಿಗಾರಿಕೆ, ತಯಾರಿಕೆ ಎಂದು ಬೇರೆ ಬೇರೆ ಉದ್ಯಮಗಳಲ್ಲಿ ಅಷ್ಟೇ ಷೇರು ಇಟ್ಟುಕೊಂಡವನ ಹೂಡಿಕೆ ಚೆನ್ನಾಗಿ ಹಂಚಿರುತ್ತದೆ ಎಂಬುದು ಅವರೇ ಕೊಟ್ಟ ಉದಾಹರಣೆ. 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿತು. ರೈಲ್ವೆ ಇದ್ದ ಜಾಗದಲ್ಲಿ ಈಗ ತಂತ್ರಜ್ಞಾನ ಕುಳಿತಿದೆ. ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿತ್ತು, ಅದು 2002ರ ಅಕ್ಟೋಬರ್ ಹೊತ್ತಿಗೆ ಶೇ 78ರಷ್ಟು ಕುಸಿದಿತ್ತು, ಹಳೆಯ ಎತ್ತರ ಮತ್ತೆ ಕಂಡದ್ದು 2015ರಲ್ಲಿ. ಆ ಸೂಚ್ಯಂಕದಲ್ಲಿ ಕಂಪನಿಗಳಿಗೇನೂ ಬರವಿರಲಿಲ್ಲ, ಸಾವಿರಾರು ಇದ್ದವು.

ನಾಲ್ಕೈದು ಮ್ಯೂಚುವಲ್ ಫಂಡ್ ಕೊಂಡು ನಿಶ್ಚಿಂತರಾಗಿರುವವರಿಗೂ ಇದೇ ಮಾತು. ಐದೂ ದೊಡ್ಡ ಕಂಪನಿಗಳ ಷೇರನ್ನೇ ಕೊಳ್ಳುವ ಫಂಡ್ ಆಗಿದ್ದರೆ ಒಳಗಿರುವ ಷೇರುಗಳು ಬಹುಪಾಲು ಅವೇ. ನೀವು ಹೆಚ್ಚಿಗೆ ಪಡೆದದ್ದು ಐದು ಕಡೆಯ ಕಾಗದಪತ್ರ.

ಹಾಗಾದರೆ ಹೊಸಬ ಏನು ಮಾಡಬೇಕು? ಇಡೀ ಮಾರುಕಟ್ಟೆಯನ್ನು ಹಿಂಬಾಲಿಸುವ, ಶುಲ್ಕ ಕಡಿಮೆ ಇರುವ ಒಂದು ಇಂಡೆಕ್ಸ್ ಫಂಡ್ ಸಾಕು. ಹಲವು ದೇಶಗಳ ಷೇರುಗಳಿರುವ ಫಂಡ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಜಪಾನಿನ ನಿಕೇಯ್ ಸೂಚ್ಯಂಕ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ಒಂದೇ ದೇಶವನ್ನು ನೆಚ್ಚಿಕೊಂಡವರು ಇದನ್ನೂ ನೋಡಿಕೊಳ್ಳಲಿ. ಆದರೆ ಎಷ್ಟೇ ಹಂಚಿದರೂ ಮಾರುಕಟ್ಟೆಯೇ ಬಿದ್ದಾಗ ನಿಮ್ಮದೂ ಬೀಳುತ್ತದೆ. 2008ರಲ್ಲಿ ಎಲ್ಲ ವಲಯಗಳೂ ಕೂಡಿಯೇ ಇಳಿದವು. ಎರಡು ಮೂರು ವರ್ಷಗಳಲ್ಲಿ ಬೇಕಾಗುವ ಹಣವನ್ನು ಷೇರಿನಲ್ಲಿ ಇಡಬೇಡಿ ಎನ್ನುವುದು ಇದಕ್ಕೇ.

ನೀವು ಕೇಳಿಲ್ಲ, ಆದರೂ ಒಂದು ವಿಷಯ ಹೇಳದೆ ಬಿಡಲಾರೆ. ಆ ಇಪ್ಪತ್ತರಲ್ಲಿ ನೀವು ಕೆಲಸ ಮಾಡುವ ಕಂಪನಿಯ ಷೇರೂ ಇದೆಯೇ? "ಒಳಗಿದ್ದು ನೋಡಿದ್ದೇನೆ, ಭದ್ರವಾಗಿದೆ" ಎನ್ನುವವರು ಬಹಳ. ಅಮೆರಿಕದ ಎನ್ರಾನ್ ಕಂಪನಿಯ ನೌಕರರೂ ಒಳಗೇ ಇದ್ದರು. ಅವರ ನಿವೃತ್ತಿ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಪಾಲು ಎನ್ರಾನ್ ಷೇರಿನಲ್ಲೇ ಇತ್ತು. 2000ದಲ್ಲಿ 90 ಡಾಲರ್ ಮೀರಿದ್ದ ಷೇರು 2001ರ ಕೊನೆಗೆ ಒಂದು ಡಾಲರಿಗಿಂತ ಕೆಳಗಿಳಿಯಿತು, ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ನೌಕರರ ಸಂಬಳವೂ ಉಳಿತಾಯವೂ ಒಟ್ಟಿಗೇ ಹೋದವು. ಸಂಬಳದ ರೂಪದಲ್ಲಿ ನೀವು ಆ ಕಂಪನಿಯನ್ನು ಆಗಲೇ ಬೇಕಾದಷ್ಟು ನೆಚ್ಚಿಕೊಂಡಿದ್ದೀರಿ. ಬೋನಸ್ಸಿನ ಜೊತೆ ಷೇರು ಕೊಟ್ಟರೆ ಬೇಡವೆನ್ನಬೇಕಿಲ್ಲ. ಮಾರಲು ಅವಕಾಶ ಸಿಕ್ಕ ದಿನವೇ ಬಹುಪಾಲನ್ನು ಮಾರಿ ಮೇಲೆ ಹೇಳಿದ ಫಂಡಿಗೆ ಹಾಕಿ. ತೆರಿಗೆ ಎಷ್ಟು ಬೀಳುತ್ತದೆ ಎಂದು ಮಾರುವ ಮೊದಲೇ ಲೆಕ್ಕ ಹಾಕಿಕೊಳ್ಳಿ.